ಫ್ಯೂಷನ್ ಕರೆಂಟು: ನೇಮ್‌ಪ್ಲೇಟ್ ಒರೆಸಿ ಓದಿದ ಮೇಲೆ

ಕೈಯಲ್ಲಿ ಹಿಡಿದು ನೋಡದ ಮಾಲಿಗೆ ರಿವ್ಯೂ ಬರೆಯುವ ಚಟ ನನಗಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಮ್ಮದು ಅಪ್ಪನ ಕಾಲದ ಮೋಟಾರ್ ರಿವೈಂಡಿಂಗ್ ಅಂಗಡಿ. ಡಿಪ್ಲೊಮಾ ಮುಗಿಸಿ ಗಲ್ಲೆಯ ಮೇಲೆ ನಾನು ಕೂತ ಮೇಲೆ ಇನ್ವರ್ಟರ್, ಬ್ಯಾಟರಿ, ಸೋಲಾರ್ ಸೇರಿಕೊಂಡವು. ಈವರೆಗೆ ಬರೆದದ್ದೆಲ್ಲ ಬಿಚ್ಚಿ, ಮೀಟರ್ ಹಚ್ಚಿ, ಲೋಡ್ ಕೊಟ್ಟು ನೋಡಿದ ಸಾಮಾನಿನ ಬಗ್ಗೆಯೇ. ಈ ಸಲ ಮಾತ್ರ ಜಗತ್ತಿನ ಯಾವ ಅಂಗಡಿಯಲ್ಲೂ ಸಿಗದ ಮಾಲಿನ ಬಗ್ಗೆ ಬರೆಯುತ್ತಿದ್ದೇನೆ. ಯಾಕೆಂದರೆ ಸಿಗದಿದ್ದರೂ ಅದು ನನ್ನ ಗಿರಾಕಿಗಳನ್ನು ತಡೆದು ನಿಲ್ಲಿಸಿದೆ.

ಸೋಲಾರ್ ಕೊಟೇಶನ್ ಇಸಕೊಂಡು ಹೋದವರು ತಿರುಗಿ ಬಂದು, ‘ಫ್ಯೂಷನ್ ಬರ್ತದಂತಲ್ರೀ ಅಕ್ಕೋರೆ, ಕರೆಂಟ್ ಪುಕ್ಕಟ ಆಗ್ತದಂತ, ಸ್ವಲ್ಪ ತಡದು ನೋಡೋಣು’ ಅನ್ನುತ್ತಾರೆ. ಎಲ್ಲರ ಮೊಬೈಲಿನಲ್ಲೂ ಅದೇ ವಿಡಿಯೊ: ಸಮುದ್ರದ ನೀರು, ನೇರಳೆ ಬಣ್ಣದ ಬೆಳಕು, ಹಿಂದೆ ಢಂ ಢಂ ಸಂಗೀತ. ತೊಗರಿ ದಾಲ್ ಮಿಲ್ ನಡೆಸುವ ಒಬ್ಬ ಕಾಕಾ ಇದ್ದಾರೆ, ಅಪ್ಪನ ದೋಸ್ತ್. ಅವರಂತೂ ಮಿಲ್ಲಿನ ಶೆಡ್ಡಿಗೆ ಸೋಲಾರ್ ಹಾಕಿಸುವ ಮಾತು ಪಕ್ಕಾ ಆದ ಮೇಲೆ ಫೋನ್ ಮಾಡಿ, ‘ಮಗಳ, ಸೂರ್ಯನ್ನೇ ಡಬ್ಬಿದಾಗ ಹಾಕಿ ಕೊಡ್ಲಕತ್ತಾರಂತ. ನಾ ಯಾಕ ತಗಡಿನ ಮ್ಯಾಲ ರೊಕ್ಕ ಸುರೀಲಿ?’ ಅಂದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸೋಲಾರ್ ಮಾರುವವಳು. ಫ್ಯೂಷನ್ ತಡವಾದರೆ ನನಗೆ ಲಾಭ. ಹಾಗಾಗಿ ನನ್ನ ಮಾತನ್ನು ತೂಗಿ ನೋಡಿ ತಗೊಳ್ಳಿ.

ಹೊಸ ಮೋಟಾರ್ ಬರಲಿ, ಸುಟ್ಟ ಮೋಟಾರ್ ಬರಲಿ, ನಮ್ಮಲ್ಲಿ ಮೊದಲ ಕೆಲಸ ಒಂದೇ. ಮೈಮೇಲೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಪಟ್ಟಿಯ ಜಿಡ್ಡನ್ನು ಡೀಸೆಲ್ ಬಟ್ಟೆಯಿಂದ ಒರೆಸಬೇಕು, ಯಾರೋ ಬಳಿದ ಬಣ್ಣವನ್ನು ಉಗುರಿನಿಂದ ಕೆರೆಯಬೇಕು, ಬೆಳಕಿಗೆ ಹಿಡಿದು ಓದಬೇಕು. ಎಷ್ಟು ಕಿಲೋವ್ಯಾಟ್, ಎಷ್ಟು ಆಂಪ್ಸ್, ಡ್ಯೂಟಿ ಏನು, ಇನ್ಸುಲೇಷನ್ ಕ್ಲಾಸ್ ಯಾವುದು. ಗಿರಾಕಿ ಹೇಳುವ ಕಥೆ ಆಮೇಲೆ. ಫ್ಯೂಷನ್ನಿಗೂ ಹಾಗೇ ಮಾಡಿದೆ.

ಮಾಲು ಏನು ಅನ್ನುವುದು ಎರಡು ಮಾತಿನಲ್ಲಿ ಮುಗಿಯುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುತ್ತಾರೆ, ಕೈಗಾದಲ್ಲಿ ಯುರೇನಿಯಂ ಪರಮಾಣು ಒಡೆಯುತ್ತಾರೆ. ಇಲ್ಲಿ ಒಡೆಯುವುದಿಲ್ಲ, ಸೂರ್ಯನೊಳಗೆ ನಡೆಯುವ ಹಾಗೆ ಕೂಡಿಸುತ್ತಾರೆ. ಜಲಜನಕದ ಎರಡು ಭಾರದ ರೂಪಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ ಸೇರಿ ಹೀಲಿಯಂ ಆಗುತ್ತದೆ, ಒಂದು ನ್ಯೂಟ್ರಾನ್ ಸಿಡಿದು ಹೊರಬೀಳುತ್ತದೆ. ಹುಟ್ಟುವ ಶಕ್ತಿಯ ಐದರಲ್ಲಿ ನಾಲ್ಕು ಪಾಲು ಆ ನ್ಯೂಟ್ರಾನಿನ ಜೊತೆಗೇ ಹೋಗುತ್ತದೆ. ಅದನ್ನು ಗೋಡೆಯಲ್ಲಿ ತಡೆದು, ನೀರು ಕಾಯಿಸಿ, ಹಬೆಯಿಂದ ಟರ್ಬೈನ್ ತಿರುಗಿಸಬೇಕು. ಕೊನೆಗೆ ಬರುವುದು ಅದೇ ಹಬೆ, ಅದೇ ಟರ್ಬೈನ್, ಅದೇ ಜನರೇಟರ್. ವಿಡಿಯೊದವರು ಇದನ್ನು ತೋರಿಸುವುದಿಲ್ಲ.

ಈಗ ಇನ್‌ಪುಟ್, ಔಟ್‌ಪುಟ್. ನನ್ನ ಧಂಧೆಯಲ್ಲಿ ಮೋಸ ನಡೆಯುವ ಜಾಗವೇ ಇದು. ಇನ್ವರ್ಟರಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 850 ವಿಎ ಅಂತ ಬರೆದಿರುತ್ತಾರೆ, ಗಿರಾಕಿ 850 ವ್ಯಾಟ್ ಅಂತ ತಿಳಿದು ಮಿಕ್ಸರ್ ಹಚ್ಚುತ್ತಾನೆ, ಅದು ಕುಂಯ್ ಅಂದು ಟ್ರಿಪ್ ಆಗುತ್ತದೆ. ಬರೆದದ್ದು ಸುಳ್ಳಲ್ಲ, ಆದರೆ ಮನೆಗೆ ಬೇಕಾದ ಲೆಕ್ಕ ಅದಲ್ಲ.

2022ರ ಡಿಸೆಂಬರ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಮೊದಲ ಸಲ ‘ಹಾಕಿದ್ದಕ್ಕಿಂತ ಹೆಚ್ಚು’ ತೆಗೆಯಿತು. ಇಂಧನದ ಪುಟ್ಟ ಗುಂಡಿಗೆ 192 ಲೇಸರ್ ಕಿರಣಗಳಿಂದ 2.05 ಮೆಗಾಜೂಲ್ ಕೊಟ್ಟರು, 3.15 ಮೆಗಾಜೂಲ್ ಬಂತು. ಜಗತ್ತೇ ಕುಣಿಯಿತು, ಕುಣಿಯುವಂಥದ್ದೇ ಇತ್ತು. ಆದರೆ ನನಗೆ ಮೆಗಾಜೂಲ್ ಕಂಡರೆ ಸಮಾಧಾನ ಆಗುವುದಿಲ್ಲ, ಯೂನಿಟ್ಟಿಗೆ ಇಳಿಸಬೇಕು. 3.6 ಮೆಗಾಜೂಲ್ ಅಂದರೆ ಒಂದು ಯೂನಿಟ್. ಅಂದ ಮೇಲೆ ಕೊಟ್ಟದ್ದು ಅರ್ಧ ಯೂನಿಟ್ಟಿಗಿಂತ ತುಸು ಜಾಸ್ತಿ, ಬಂದದ್ದು ಒಂದು ಯೂನಿಟ್ಟಿಗೂ ಕಡಿಮೆ. ಇನ್ನು ಆ ಲೇಸರ್‌ಗಳನ್ನು ಚಾರ್ಜ್ ಮಾಡಲು ಗ್ರಿಡ್ಡಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್, ನಮ್ಮ ಲೆಕ್ಕದಲ್ಲಿ 83 ಯೂನಿಟ್. ಎಂಬತ್ತು ಮೂರು ಯೂನಿಟ್ ತಿಂದು ಒಂದು ಯೂನಿಟ್ಟಿಗಿಂತ ಕಡಿಮೆ ಶಾಖ ಕೊಟ್ಟ ಯಂತ್ರ. ‘ಲಾಭ’ ಅಂದದ್ದು ಲೇಸರ್ ಬೆಳಕು ಮತ್ತು ಗುಂಡಿನ ನಡುವಿನ ಲೆಕ್ಕ, ಮೀಟರ್ ಬೋರ್ಡಿನ ಲೆಕ್ಕ ಅಲ್ಲ. ವಿಜ್ಞಾನಿಗಳು ಇದನ್ನು ಬಚ್ಚಿಟ್ಟಿರಲಿಲ್ಲ, ಅಂದೇ ಹೇಳಿದ್ದರು. ಫಾರ್ವರ್ಡ್ ಆಗುತ್ತ ಆಗುತ್ತ ಆ ಸಾಲು ಮಾತ್ರ ಉದುರಿಹೋಗಿದೆ.

ಇನ್ನೊಂದು ಜಾತಿಯ ಯಂತ್ರ ಟೊಕಮಾಕ್. ಉಂಗುರದ ಆಕಾರದ ಉಕ್ಕಿನ ಕೋಣೆ, ಅದರ ಸುತ್ತ ಭಾರೀ ಅಯಸ್ಕಾಂತದ ಕಾಯಿಲ್‌ಗಳು, ಒಳಗೆ ಗೋಡೆಗೆ ತಾಗದಂತೆ ತೇಲಿಸಿ ಹಿಡಿದ ಬೆಂಕಿಯಂಥ ಅನಿಲ, ಅಂದರೆ ಪ್ಲಾಸ್ಮಾ. ಕಾಯಿಲ್ ಸುತ್ತುವವಳಾದ್ದರಿಂದ ಇದರ ಮೇಲೆ ನನಗೆ ಪ್ರೀತಿ ಜಾಸ್ತಿ ಅಂತ ಒಪ್ಪಿಕೊಳ್ಳಲೇಬೇಕು. ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ ಎಂಬ ಟೊಕಮಾಕ್ 1997ರಲ್ಲಿ 24 ಮೆಗಾವ್ಯಾಟ್ ಶಾಖ ಕೊಟ್ಟಾಗ 16 ಮೆಗಾವ್ಯಾಟ್ ತಿರುಗಿ ಕೊಟ್ಟಿತ್ತು. ನಿವೃತ್ತಿಗೆ ಮುಂಚೆ 2023ರಲ್ಲಿ ಐದೇ ಸೆಕೆಂಡಿನಲ್ಲಿ 69 ಮೆಗಾಜೂಲ್ ಹುಟ್ಟಿಸಿ ದಾಖಲೆ ಮಾಡಿತು. ಅಂದರೆ 19 ಯೂನಿಟ್ ಶಾಖ. ಅದನ್ನು ಕರೆಂಟ್ ಮಾಡಿದ್ದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತಿತ್ತು, ಆರು ಯೂನಿಟ್ ಅಂದುಕೊಳ್ಳಿ.

ಇಲ್ಲಿ ಮಾಲಿನ ಗುಣವನ್ನೂ ಹೇಳದಿದ್ದರೆ ಅನ್ಯಾಯ. ಆ 69 ಮೆಗಾಜೂಲ್‌ಗೆ ಖರ್ಚಾದ ಇಂಧನ 0.2 ಮಿಲಿಗ್ರಾಂ. ನನ್ನ ಅಂಗಡಿಯ ತಕ್ಕಡಿಯಲ್ಲಿ ಅದನ್ನು ತೂಗುವುದು ಇರಲಿ, ಕಣ್ಣಿಗೆ ಕಾಣಿಸುವುದೂ ಕಷ್ಟ. ಅಷ್ಟೇ ಶಾಖಕ್ಕೆ ಒಳ್ಳೆ ಜಾತಿಯ ಕಲ್ಲಿದ್ದಲು ಎರಡು ಕಿಲೋ ಮೇಲೆ ಬೇಕು. ರಾಯಚೂರು ಸ್ಥಾವರದ ದಾರಿಯಲ್ಲಿ ಕಲ್ಲಿದ್ದಲಿನ ಗೂಡ್ಸ್ ರೈಲು ನಿಂತು ನಿಂತು ಹೋಗುವುದನ್ನು ನೋಡಿದವರಿಗೆ ಈ ಅಂಕಿಯ ಬೆಲೆ ಗೊತ್ತಾಗುತ್ತದೆ. ಬೂದಿ ಇಲ್ಲ, ಹೊಗೆ ಇಲ್ಲ. ಏನಾದರೂ ಕೈ ತಪ್ಪಿದರೆ ಒಳಗಿನ ಬೆಂಕಿ ತಾನೇ ಆರಿಹೋಗುತ್ತದೆ, ಹತೋಟಿ ಮೀರಿ ಕರಗುವ ಮಾತೇ ಇಲ್ಲ. ರಾತ್ರಿ, ಮೋಡ, ಗಾಳಿ ಯಾವುದರ ಹಂಗೂ ಇಲ್ಲ. ನಾನು ಮಾರುವ ಪ್ಯಾನೆಲ್ಲಿಗೆ ಇದರಲ್ಲಿ ಅರ್ಧದಷ್ಟು ಗುಣವೂ ಇಲ್ಲ. ನಡೆದರೆ ಇದಕ್ಕಿಂತ ಒಳ್ಳೆಯ ಮಾಲು ಬೇರೆ ಇರಲಾರದು.

ನಡೆದರೆ. ಅದಕ್ಕೇ ಡ್ಯೂಟಿ ನೋಡಬೇಕು. ಮೋಟಾರಿನ ಪಟ್ಟಿಯಲ್ಲಿ ಎಸ್-1 ಅಂತಿದ್ದರೆ ಹಗಲು ರಾತ್ರಿ ಬಿಡದೆ ಓಡಿಸಬಹುದು, ಎಸ್-2 ಅಂತಿದ್ದರೆ ಸ್ವಲ್ಪ ಹೊತ್ತು ಓಡಿಸಿ ಆರಲು ಬಿಡಬೇಕು. ಹೊಲದ ಪಂಪಿಗೆ ಎಸ್-2 ಮೋಟಾರ್ ಕೊಟ್ಟರೆ ರೈತ ಮರುವಾರ ಅಂಗಡಿ ಮುಂದೆ ಬಂದು ನಿಲ್ಲುತ್ತಾನೆ. ಜೆಟ್ಟಿನ ದಾಖಲೆ ಐದು ಸೆಕೆಂಡಿನದು. ಚೀನಾದ ಈಸ್ಟ್ ಯಂತ್ರ 2025ರ ಜನವರಿಯಲ್ಲಿ 1,066 ಸೆಕೆಂಡ್, ಮರು ತಿಂಗಳೇ ಫ್ರಾನ್ಸಿನ ವೆಸ್ಟ್ 1,337 ಸೆಕೆಂಡ್ ಬಿಸಿ ಪ್ಲಾಸ್ಮಾವನ್ನು ಹಿಡಿದಿಟ್ಟವು. ಭಾರೀ ಕೆಲಸ. ಆದರೆ ಅವೆರಡರಲ್ಲೂ ಟ್ರಿಟಿಯಂ ಹಾಕಿರಲಿಲ್ಲ, ಶಕ್ತಿ ತೆಗೆಯುವ ಉದ್ದೇಶವೂ ಇರಲಿಲ್ಲ. ಅಂದರೆ ಶಕ್ತಿ ಕೊಟ್ಟದ್ದು ಹೆಚ್ಚು ಹೊತ್ತು ನಿಂತಿಲ್ಲ, ಹೆಚ್ಚು ಹೊತ್ತು ನಿಂತದ್ದು ಶಕ್ತಿ ಕೊಟ್ಟಿಲ್ಲ. ಎಸ್-1 ಡ್ಯೂಟಿಯ ಫ್ಯೂಷನ್ ಯಂತ್ರ ಭೂಮಿಯ ಮೇಲೆ ಇನ್ನೂ ಓಡಿಲ್ಲ.

ಎರಡನ್ನೂ ಒಟ್ಟಿಗೆ ಮಾಡಲು ಹೊರಟದ್ದು ಐಟರ್. ದಕ್ಷಿಣ ಫ್ರಾನ್ಸಿನ ಕಾದರಾಶ್‌ನಲ್ಲಿ ಕಟ್ಟುತ್ತಿದ್ದಾರೆ. ಚೀನಾ, ಯುರೋಪ್, ಜಪಾನ್, ಕೊರಿಯಾ, ರಷ್ಯಾ, ಅಮೆರಿಕ, ನಾವು, ಹೀಗೆ ಏಳು ಪಾಲುದಾರರು. ಒಪ್ಪಂದಕ್ಕೆ ಸಹಿ ಬಿದ್ದದ್ದು 2006ರ ನವೆಂಬರಿನಲ್ಲಿ. ಗುರಿ: 50 ಮೆಗಾವ್ಯಾಟ್ ಶಾಖ ಕೊಟ್ಟು 500 ಮೆಗಾವ್ಯಾಟ್ ತೆಗೆಯುವುದು, ಅದೂ 400 ಸೆಕೆಂಡ್. ಹತ್ತು ಪಟ್ಟು ಅಂದ ಕೂಡಲೇ ನಮ್ಮ ಕಾಕಾ ಕಣ್ಣು ಅರಳಿಸಿದರು. ಆ 50 ಅನ್ನುವುದು ಒಳಗಿನ ಅನಿಲಕ್ಕೆ ಮುಟ್ಟಿದ ಶಾಖ ಮಾತ್ರ. ಅದನ್ನು ಹುಟ್ಟಿಸುವ ಯಂತ್ರಗಳ ನಷ್ಟ, ಕಾಯಿಲ್‌ಗಳನ್ನು ತಂಪಿಡುವ ಹೀಲಿಯಂ ಫ್ರಿಜ್ ಪ್ಲಾಂಟು, ಪಂಪುಗಳು ಅದರಲ್ಲಿ ಬಂದಿಲ್ಲ. ಬರುವ 500 ಕೂಡ ಬರೀ ಶಾಖ. ಕರೆಂಟ್ ಮಾಡಿದರೆ 165ರ ಆಸುಪಾಸು, ಶಕ್ತಿನಗರದ 210 ಮೆಗಾವ್ಯಾಟಿನ ಒಂದು ಘಟಕಕ್ಕಿಂತ ಕಡಿಮೆ. ಮಾಡುವುದೂ ಇಲ್ಲ, ಯಾಕೆಂದರೆ ಐಟರಿಗೆ ಟರ್ಬೈನೇ ಇಲ್ಲ. ಹುಟ್ಟಿದ ಶಾಖವೆಲ್ಲ ಕೂಲಿಂಗ್ ಟವರಿನಿಂದ ಗಾಳಿಗೆ. ಅದು ಪ್ರಯೋಗದ ಯಂತ್ರ, ಹಾಗಂತಲೇ ಹೇಳಿಕೊಂಡಿದೆ. ಮೊದಲ ಪ್ಲಾಸ್ಮಾ 2025ಕ್ಕೆ ಅಂದಿದ್ದರು. 2024ರಲ್ಲಿ ಹೊಸ ವೇಳಾಪಟ್ಟಿ ಬಂತು: ಸಂಶೋಧನೆ ಶುರುವಾಗುವುದು 2034, ನಿಜವಾದ ಇಂಧನ ಹಾಕುವುದು 2039.

ಯಾಕೆ ಇಷ್ಟು ತಡ ಅಂತ ಹೊರಗಿನವರು ಬೈಯುತ್ತಾರೆ. ಇನ್ಸುಲೇಷನ್ ಕ್ಲಾಸ್ ಓದಿದವರು ಬೈಯಲಾರರು. ನಮ್ಮಲ್ಲಿ ಕ್ಲಾಸ್ ಎಫ್ ಅಂದರೆ 155 ಡಿಗ್ರಿ ತಡೆಯುತ್ತದೆ. ಅದನ್ನು ದಾಟಿದರೆ ವಾರ್ನಿಷ್ ಕರಕಾಗಿ, ತಂತಿ ತಂತಿಗೆ ಅಂಟಿ, ಅಂಗಡಿಯ ಬಾಗಿಲಿಗೆ ಬರುವ ಮೊದಲೇ ಮೂಗಿಗೆ ಹೊಡೆಯುತ್ತದೆ. ಐಟರಿನ ಒಳಗೆ 15 ಕೋಟಿ ಡಿಗ್ರಿ ಬೇಕು. ಸೂರ್ಯನ ನಡುಗರ್ಭವೇ ಒಂದೂವರೆ ಕೋಟಿ. ಸೂರ್ಯನಿಗೆ ತನ್ನ ಭಾರವೇ ಒತ್ತಡ ಕೊಡುತ್ತದೆ. ಆ ಭಾರ ಇಲ್ಲದ ನಾವು ಬಿಸಿಯನ್ನು ಹತ್ತು ಪಟ್ಟು ಏರಿಸಿಯೇ ತೀರಬೇಕು, ಕಾಕಾನ ಡಬ್ಬಿ ಕಷ್ಟವಾಗುವುದು ಇಲ್ಲೇ. ಅಲ್ಲಿಂದ ಕೆಲವೇ ಮೀಟರ್ ಆಚೆ ನಿಯೋಬಿಯಂ-ಟಿನ್ ಕಾಯಿಲ್‌ಗಳು ಮೈನಸ್ 269 ಡಿಗ್ರಿಯಲ್ಲಿ ಇರಬೇಕು, ಇಲ್ಲದಿದ್ದರೆ ತಡೆಯೇ ಇಲ್ಲದೆ ಕರೆಂಟ್ ಹರಿಸುವ ಅವುಗಳ ಸೂಪರ್‌ಕಂಡಕ್ಟರ್ ಗುಣ ಹೋಗುತ್ತದೆ. ಉರಿದು ಉಳಿದ ಹೀಲಿಯಂ ಹೊರಹೋಗುವ ಕೆಳಭಾಗಕ್ಕೆ ಡೈವರ್ಟರ್ ಅನ್ನುತ್ತಾರೆ. ಅದರ ಮೇಲೆ ಚದರ ಮೀಟರಿಗೆ 10 ಮೆಗಾವ್ಯಾಟ್ ಬೀಳುತ್ತದೆ. ನಮ್ಮ ಮೇ ತಿಂಗಳ ಮಟಮಟ ಮಧ್ಯಾಹ್ನ, ತಲೆಗೆ ಟವಲ್ ಇಲ್ಲದೆ ಹೊರಬೀಳಲಾಗದ ಕಲಬುರಗಿ ಬಿಸಿಲು ಚದರ ಮೀಟರಿಗೆ ಒಂದು ಕಿಲೋವ್ಯಾಟ್. ಅದರ ಹತ್ತು ಸಾವಿರ ಪಟ್ಟು. ಅದಕ್ಕೇ ಟಂಗ್‌ಸ್ಟನ್ ಹಚ್ಚಿದ್ದಾರೆ. 3,422 ಡಿಗ್ರಿಯವರೆಗೆ ಕರಗದ ಲೋಹ ಅದು, ಆದರೂ ಹಿಂದೆ ನೀರು ಹರಿಯುತ್ತಲೇ ಇರಬೇಕು.

ಸ್ಪೇರ್ ಪಾರ್ಟ್ಸ್ ಮತ್ತು ಇಂಧನದ ವಿಷಯಕ್ಕೆ ಬಂದರೆ ‘ಸಮುದ್ರದ ನೀರು’ ಅರ್ಧ ಸತ್ಯ. ಡ್ಯುಟೀರಿಯಂ ಸಮುದ್ರದಲ್ಲಿ ಬೇಕಾದಷ್ಟಿದೆ, ಒಂದು ಘನ ಮೀಟರ್ ನೀರಿನಲ್ಲಿ ಸುಮಾರು 33 ಗ್ರಾಂ. ಟ್ರಿಟಿಯಂ ಇಲ್ಲ. ಅದು ಪ್ರಕೃತಿಯಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಕೈಗಾದಂಥ ಭಾರಜಲದ ರಿಯಾಕ್ಟರುಗಳಲ್ಲಿ ತಾನಾಗಿ ಹುಟ್ಟುತ್ತದೆ, ಮಾರಾಟಕ್ಕೆ ಸಿಗುವುದು ಹೆಚ್ಚಾಗಿ ಕೆನಡಾದ ಅಂಥದ್ದೇ ರಿಯಾಕ್ಟರುಗಳದು. ಬಳಕೆಗೆ ಸಿಗುವ ದಾಸ್ತಾನು ಹತ್ತಿಪ್ಪತ್ತು ಕಿಲೋಗಳ ಲೆಕ್ಕದ್ದು. ಒಂದು ಸಾವಿರ ಮೆಗಾವ್ಯಾಟ್ ಫ್ಯೂಷನ್ ಶಾಖವನ್ನು ವರ್ಷವಿಡೀ ತೆಗೆಯಲು 55 ಕಿಲೋ ಮೇಲೆ ಬೇಕು. ಗೋದಾಮಿನಲ್ಲಿ ಇಟ್ಟುಕೊಂಡು ಕಾಯೋಣ ಅಂದರೂ ಆಗದು. ಅದರ ಅರ್ಧಾಯುಷ್ಯ 12.3 ವರ್ಷ, ವರ್ಷಕ್ಕೆ ನೂರಕ್ಕೆ ಐದೂವರೆಯಷ್ಟು ತಾನೇ ಕರಗಿಹೋಗುತ್ತದೆ.

ಹಾಗಾಗಿ ಯಂತ್ರವೇ ತನ್ನ ಟ್ರಿಟಿಯಂ ಹುಟ್ಟಿಸಿಕೊಳ್ಳಬೇಕು. ಸುತ್ತ ಲಿಥಿಯಂ ತುಂಬಿದ ಗೋಡೆ ಇಟ್ಟರೆ ಸಿಡಿದ ನ್ಯೂಟ್ರಾನ್ ಲಿಥಿಯಂಗೆ ಬಡಿದು ಹೊಸ ಟ್ರಿಟಿಯಂ ಆಗುತ್ತದೆ. ಮೊಸರಿಗೆ ಹೆಪ್ಪು ಉಳಿಸಿದ ಹಾಗೆ, ಇವತ್ತಿನದರಲ್ಲಿ ನಾಳೆಗೆ ತೆಗೆದಿಡಬೇಕು. ಒಂದು ನ್ಯೂಟ್ರಾನ್ ಖರ್ಚಿಗೆ ಒಂದಕ್ಕಿಂತ ತುಸು ಹೆಚ್ಚು ಟ್ರಿಟಿಯಂ ಬಂದರೆ ಮಾತ್ರ ವ್ಯವಹಾರ ನಡೆಯುತ್ತದೆ. ಕಾಗದದ ಮೇಲೆ ಬರುತ್ತದೆ. ಪೂರ್ತಿ ಅಳತೆಯ ಯಂತ್ರದಲ್ಲಿ ಇದನ್ನು ಮಾಡಿ ತೋರಿಸಿದವರು ಇನ್ನೂ ಇಲ್ಲ. ನನ್ನ ಕಣ್ಣಿಗೆ ಈ ಮಾಲಿನ ನಿಜವಾದ ತೊಡಕು ಇದೇ, 15 ಕೋಟಿ ಡಿಗ್ರಿ ಅಲ್ಲ. ಬಿಸಿ ಮಾಡುವುದನ್ನು ಕಲಿತಾಗಿದೆ.

ರಿಪೇರಿ? ಆ ನ್ಯೂಟ್ರಾನುಗಳ ಹೊಡೆತಕ್ಕೆ ಉಕ್ಕು ಪೆಡಸಾಗುತ್ತದೆ, ಜೊತೆಗೆ ವಿಕಿರಣವೂ ಹತ್ತುತ್ತದೆ. ಒಳಗೆ ಮನುಷ್ಯ ಹೋಗುವಂತಿಲ್ಲ, ರೋಬೋಟ್ ಕೈಯಿಂದಲೇ ಬಿಚ್ಚಬೇಕು, ಹಾಕಬೇಕು. ಇಂಧನ ಹಾಕುವ ಮೊದಲೇ ಐಟರಿನಲ್ಲಿ ಏನಾಯಿತು ನೋಡಿ. ಸಾವಿರ ಟನ್ನಿಗೂ ಮೀರಿದ ತುಂಡೊಂದನ್ನು 2022ರಲ್ಲಿ ಯಂತ್ರ ಕೂಡಿಸುವ ಹೊಂಡಕ್ಕೆ ಇಳಿಸಿದ್ದರು. ಕೋಣೆಯ ತುಂಡುಗಳ ಅಂಚುಗಳಲ್ಲಿ ಅಳತೆಯ ಏರುಪೇರು, ಶಾಖತಡೆಯ ತಂಪು ಪೈಪುಗಳಲ್ಲಿ ಬಿರುಕು ಕಂಡವು. 2023ರಲ್ಲಿ ಆ ತುಂಡನ್ನು ಎತ್ತಿ ಹೊರಗೆ ತೆಗೆದು ರಿಪೇರಿಗೆ ಹಾಕಿದರು. ಬೇರೆಯವರು ಇದನ್ನು ಫಜೀತಿ ಅಂದರು. ಸರಿ ಕೂಡದ ಅಂಚಿಗೆ ಮೇಲೆ ವೆಲ್ಡಿಂಗ್ ಸವರಿ ಮುಚ್ಚುವ ಮಂದಿಯನ್ನು ದಿನಾ ನೋಡುವ ನನಗೆ, ಬಿಚ್ಚಿ ಹೊರಗೆ ತೆಗೆದ ಈ ಕೆಲಸಗಾರರ ಮೇಲೆ ನಂಬಿಕೆ ಹೆಚ್ಚೇ ಆಯಿತು.

ಮಾರುವವರ ಹಿಂದಿನ ಚರಿತ್ರೆಯನ್ನೂ ನೋಡಬೇಕಲ್ಲ. 1955ರಲ್ಲಿ ಜಿನೀವಾದ ವಿಶ್ವಸಂಸ್ಥೆ ಸಮ್ಮೇಳನದ ಅಧ್ಯಕ್ಷರಾಗಿದ್ದ ನಮ್ಮ ಹೋಮಿ ಭಾಭಾ, ಎರಡು ದಶಕಗಳೊಳಗೆ ಫ್ಯೂಷನ್ ಶಕ್ತಿಯನ್ನು ಹತೋಟಿಗೆ ತರುವ ದಾರಿ ಸಿಗುತ್ತದೆ ಅಂದಿದ್ದರು. ಅಂಥ ದೊಡ್ಡವರ ಅಂದಾಜೇ ಎಪ್ಪತ್ತು ವರ್ಷವಾದರೂ ಕೈಗೂಡಿಲ್ಲ. 1958ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ವೆಲ್ ಪ್ರಯೋಗಾಲಯದವರು ಜೀಟಾ ಎಂಬ ಯಂತ್ರದಲ್ಲಿ ಫ್ಯೂಷನ್ ಸಾಧಿಸಿದೆವು ಎಂದು ಸಾರಿದರು, ಪತ್ರಿಕೆಗಳೆಲ್ಲ ಮುಖಪುಟ ತುಂಬಿಸಿದವು. ಕೆಲವೇ ತಿಂಗಳಲ್ಲಿ, ಕಂಡ ನ್ಯೂಟ್ರಾನ್‌ಗಳು ಅಂಥವಲ್ಲ ಎಂದು ಹಿಂತೆಗೆದುಕೊಂಡರು. ಇಲ್ಲಿಗೇ ಬಿಟ್ಟರೆ ಇವರೆಲ್ಲ ಬರೀ ಮಾತಿನವರು ಅನ್ನಿಸುತ್ತದೆ. ಆದರೆ ಹತ್ತು ವರ್ಷದ ಮೇಲೆ ಸೋವಿಯತ್ ವಿಜ್ಞಾನಿಗಳು ತಮ್ಮ ಟಿ-3 ಟೊಕಮಾಕಿನಲ್ಲಿ ಒಂದು ಕೋಟಿ ಡಿಗ್ರಿ ಬಂದಿದೆ ಅಂದಾಗ, ಜೀಟಾದಿಂದ ಪಾಠ ಕಲಿತಿದ್ದ ಪಶ್ಚಿಮದವರು ನಂಬಲಿಲ್ಲ. ‘ನೀವೇ ಬಂದು ಅಳೆಯಿರಿ’ ಎಂದು ಕರೆ ಹೋಯಿತು. ಶೀತಲ ಸಮರದ ನಡುವೆ, 1969ರಲ್ಲಿ, ಕಲ್ಹಮ್‌ನ ತಂಡ ತಮ್ಮ ಸ್ವಂತ ಲೇಸರ್ ಉಪಕರಣ ಕಟ್ಟಿಕೊಂಡು ಮಾಸ್ಕೋಗೆ ಹೋಗಿ ಅಳೆಯಿತು. ರಷ್ಯನ್ನರು ಹೇಳಿದ್ದು ಖರೆ ಇತ್ತು. ಜಗತ್ತು ಟೊಕಮಾಕಿನ ಬೆನ್ನು ಹತ್ತಿದ್ದು ಅಲ್ಲಿಂದಲೇ. ಎದುರಾಳಿಯ ಮೀಟರಿನಲ್ಲಿ ಪಾಸಾದ ಮಾಲಿಗಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಗೊತ್ತಿಲ್ಲ.

ಈಗ ಖಾಸಗಿ ಕಂಪನಿಗಳು ಬಂದಿವೆ. ಹೀಲಿಯಾನ್ ಎಂಬುದು 2028ಕ್ಕೆ ಮೈಕ್ರೋಸಾಫ್ಟ್‌ಗೆ ಕರೆಂಟ್ ಕೊಡುತ್ತೇನೆ ಎಂದು 2023ರಲ್ಲೇ ಕರಾರು ಮಾಡಿಕೊಂಡಿದೆ. ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್‌ನವರು ಹೊಸ ಜಾತಿಯ ಸೂಪರ್‌ಕಂಡಕ್ಟರ್ ಪಟ್ಟಿ ಸುತ್ತಿ 2021ರಲ್ಲಿ 20 ಟೆಸ್ಲಾ ಬಲದ ಅಯಸ್ಕಾಂತ ಮಾಡಿ ತೋರಿಸಿದರು, ಅದರಿಂದ ಯಂತ್ರದ ಗಾತ್ರ ಬಹಳ ಇಳಿಯುತ್ತದೆ. ಎರಡನೆಯವರ ಕಾಯಿಲ್ ನನಗೆ ಹಿಡಿಸಿತು, ಮೊದಲನೆಯವರ ತಾರೀಖು ಹಿಡಿಸಲಿಲ್ಲ.

ಯಾರಿಗೆ ಬೇಕು ಈ ಮಾಲು ಅಂತ ಕೇಳಿದರೆ, ನಮ್ಮ ಪಾಲಿಟೆಕ್ನಿಕ್ ಹುಡುಗಿಯರಿಗೆ ಅನ್ನುತ್ತೇನೆ, ಅದೂ ಇವತ್ತೇ. ಗಾಂಧಿನಗರದ ಇನ್‌ಸ್ಟಿಟ್ಯೂಟ್ ಫಾರ್ ಪ್ಲಾಸ್ಮಾ ರಿಸರ್ಚ್‌ನಲ್ಲಿ ಆದಿತ್ಯ ಟೊಕಮಾಕ್ 1989ರಿಂದ ಇದೆ. ಐಟರನ್ನು ಸುತ್ತುವರಿದ, 30 ಮೀಟರ್ ಎತ್ತರದ ಉಕ್ಕಿನ ಕ್ರಯೋಸ್ಟಾಟ್, ಅಂದರೆ ಒಳಗಿನ ತಂಪು ಕಾಯುವ ಪಾತ್ರೆ, ಗುಜರಾತಿನ ಹಜೀರಾದಲ್ಲಿ ತುಂಡು ತುಂಡಾಗಿ ತಯಾರಾಗಿ ಹಡಗಿನಲ್ಲಿ ಹೋಯಿತು. ಅಲ್ಲಿ ಬೇಕಾಗುವುದು ವೆಲ್ಡಿಂಗ್, ವ್ಯಾಕ್ಯೂಮ್, ಪವರ್ ಎಲೆಕ್ಟ್ರಾನಿಕ್ಸ್, ಕಾಯಿಲ್ ಸುತ್ತುವುದು. ಅಂಗಡಿಗೆ ಟ್ರೇನಿಂಗ್‌ಗೆ ಬರುವ ಹುಡುಗಿಯರಿಗೆ ಗೇಜ್ ಹಿಡಿಯುವುದನ್ನು ಕಲಿಸುತ್ತಲೇ ಇದನ್ನೂ ಹೇಳುತ್ತಿರುತ್ತೇನೆ.

ಆದರೆ ತಿಂಗಳ ಬಿಲ್ಲು ಇಳಿಸಬೇಕಾದವರು ಇದಕ್ಕಾಗಿ ಕಾಯಬಾರದು. ಮನೆಯವರಿಗೆ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಗೃಹಜ್ಯೋತಿಯ 200 ಯೂನಿಟ್ಟಿನೊಳಗೇ ಇರುವವರು ಮೊದಲು ಲೆಕ್ಕ ಹಾಕಿ ಆಮೇಲೆ ನನ್ನ ಹತ್ತಿರ ಬರಲಿ. ಮಿಲ್ಲಿನವರ ಲೆಕ್ಕ ಬೇರೆ, ಅವರ ಮೋಟಾರು ಓಡುವುದೇ ಹಗಲಿಗೆ. ನಮ್ಮ ಮಾಲಿನಲ್ಲೂ ಊನ ಇದೆ. ಪ್ಯಾನೆಲ್ಲಿನ ಮೇಲೆ ಬರೆದ ವ್ಯಾಟ್ 25 ಡಿಗ್ರಿಯದು, ಏಪ್ರಿಲ್-ಮೇನಲ್ಲಿ ನಮ್ಮ ತಗಡಿನ ಮೇಲೆ ಅದು 65 ದಾಟುತ್ತದೆ. ಒಂದೊಂದು ಡಿಗ್ರಿಗೆ ನೂರಕ್ಕೆ 0.3ರಿಂದ 0.4 ಇಳಿಯುತ್ತದೆ. ಬಿಸಿಲು ಜಾಸ್ತಿ ಇರುವ ತಿಂಗಳಲ್ಲೇ ಕರೆಂಟು ಕಡಿಮೆ ಬಂತು ಎಂದು ಜಗಳಕ್ಕೆ ಬರುವವರಿಗೆ ಇದನ್ನು ಕೊಟೇಶನ್ನಿನಲ್ಲೇ ಬರೆದು ಕೊಡುತ್ತೇನೆ.

ಇಷ್ಟನ್ನೂ ಕಾಕಾನಿಗೆ ಹೇಳಿದೆ. ಪೂರ್ತಿ ಕೇಳಿ, ‘ಹಂಗಾದ್ರ ಅದು ಬರೂತನಕ ನಿನ್ನ ಪ್ಯಾನೆಲ್ ತಡೀತಾವೇನು?’ ಅಂದರು. 25 ವರ್ಷದ ವಾರಂಟಿ ಕಾಗದ ತೋರಿಸಿದೆ. ಐಟರ್ ತನ್ನ ಇಂಧನ ಹಾಕಿ ನೋಡಿ, ಅದರ ಮೇಲೆ ಕರೆಂಟ್ ಮಾಡುವ ಯಂತ್ರ ಕಟ್ಟಿ, ಅದು ನಮ್ಮ ಲೈನಿಗೆ ಬರುವ ಹೊತ್ತಿಗೆ ಈ ಪ್ಯಾನೆಲ್ಲುಗಳು ಗುಜರಿಗೆ ಹೋಗುವ ವಯಸ್ಸಿಗೆ ಬಂದಿರುತ್ತವೆ. ಅವರಿಗೆ ಅದು ಒಪ್ಪಿಗೆಯಾಯಿತು. ಜಗಳ ಹತ್ತಿದ್ದು ಬೇರೆ ಕಡೆ: ತೊಗರಿ ಹೊಟ್ಟಿನ ಧೂಳು. ಮಿಲ್ ನಡೆದಾಗ ಅದು ಶೆಡ್ಡಿನ ಮೇಲೆಲ್ಲ ಕೂಡುತ್ತದೆ, ಪ್ಯಾನೆಲ್ ತೊಳೆಯದೆ ಬಿಟ್ಟರೆ ಯೂನಿಟ್ ಬರುವುದಿಲ್ಲ. ‘ಹಮಾಲರ ಕಡಿಂದ ಮಧ್ಯಾಹ್ನ ಊಟದ ಹೊತ್ತಿನಾಗ ತೊಳಸ್ತೀನಿ ತಗೋ’ ಅಂದರು. ‘ಬ್ಯಾಡ ಕಾಕಾ, ಕಾದ ಗ್ಲಾಸಿಗೆ ತಣ್ಣೀರು ಹಾಕಿದ್ರ ಸೀಳ್ತದ. ಹೊತ್ತು ಏರೂದ್ರಾಗ ತೊಳೀಬೇಕು, ಬೋರಿನ ಉಪ್ಪು ನೀರೂ ನಡಿಯೂದಿಲ್ಲ’ ಅಂದೆ. ಕೊಟೇಶನ್ ತಿದ್ದಿ, ಮೇಲೆ ನಡೆದಾಡಲು ಕಟಾಂಜನ, ನೀರಿನ ಪೈಪು, ಒಂದು ಸಣ್ಣ ಸಾಫ್ಟ್‌ನರ್ ಸೇರಿಸಿ ಕಳಿಸಿದ್ದೇನೆ. ಸಾಫ್ಟ್‌ನರಿನ ರೇಟಿನ ಮೇಲೆ ಇನ್ನೂ ಚೌಕಾಸಿ ನಡೆದಿದೆ.